ಗಲ್ಲಾದಿಂದ ಎದ್ದ ಮೇಲೆ

ಮಾಟುಂಗಾದಲ್ಲಿ ಒಂದು ಭಾನುವಾರ ಸಂಜೆ ಮುಂಬೈ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ವಿಷಯ: ಜಾಹೀರಾತಿನಿಂದ ದುಡಿಯುವ ವೆಬ್‌ಸೈಟಿಗೆ ಬೆಲೆ ಕಟ್ಟುವುದು, ಅದನ್ನು ಮಾರುವುದು.

ನನ್ನ ವೆಬ್‌ಸೈಟ್ ಮಾರಾಟವಾದ ದಿನ ಮೈಸೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿ "ಸೈಟ್ ಮಾರಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಯಾವ ಬಡಾವಣೆಯದ್ದೋ? ಮೂವತ್ತು ನಲವತ್ತೋ, ನಲವತ್ತು ಅರವತ್ತೋ? ನನಗೊಂದು ಮಾತು ಹೇಳಬಾರದಿತ್ತಾ?" ಎಂದು ಬೇಜಾರು ಮಾಡಿಕೊಂಡರು. ಅಂತರ್ಜಾಲದ ಸೈಟ್ ಅಂತ ಬಿಡಿಸಿ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. "ಯಾವ ಸೈಟಾದರೇನು, ಇನ್ನೊಂದು ಹತ್ತು ವರ್ಷ ಇಟ್ಟುಕೊಂಡಿದ್ದರೆ ಎರಡು ಪಟ್ಟಾಗುತ್ತಿತ್ತು" ಅಂದರು.

ನೀವು ನಗುತ್ತಿದ್ದೀರಿ. ಆದರೆ ಬೆಲೆ ಕೇಳಲು ನನ್ನ ಹತ್ತಿರ ಬರುವ ಹುಡುಗರಲ್ಲಿ ಹೆಚ್ಚಿನವರು ಹಾಕಿಕೊಂಡು ಬರುವುದೂ ಚಿಕ್ಕಪ್ಪನ ಲೆಕ್ಕವನ್ನೇ. "ಸರ್, ಹತ್ತು ವರ್ಷ ಹಳೆಯ ಸೈಟ್. 800 ಲೇಖನ ಇವೆ. ಒಂದಕ್ಕೆ ಸಾವಿರ ಹಿಡಿದರೂ 8 ಲಕ್ಷ ಆಯಿತಲ್ಲ?" ಇದು ಚದರಡಿ ಲೆಕ್ಕ. ನೆಲ ಅಲ್ಲೇ ಇರುತ್ತದೆ, ಸುತ್ತ ಊರು ಬೆಳೆಯುತ್ತದೆ, ಮಲಗಿದವನಿಗೂ ಬೆಲೆ ಏರುತ್ತದೆ ಎಂಬ ಲೆಕ್ಕ. ವೆಬ್‌ಸೈಟಿಗೆ ಆ ಲೆಕ್ಕ ಕೂಡುವುದಿಲ್ಲ. ಇಲ್ಲಿ ಕೂತವರಲ್ಲಿ ಹೋಟೆಲ್ ಮನೆತನದವರು ಎಷ್ಟು ಜನ, ಒಮ್ಮೆ ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚೇ ಇದ್ದೀರಿ. ಹಾಗಾದರೆ ನನ್ನ ಕೆಲಸ ಹಗುರ. ಹೋಟೆಲ್ ಹೇಗೆ ಕೈ ಬದಲಾಗುತ್ತದೆ ಎಂದು ಗೊತ್ತಿದ್ದವರಿಗೆ ವೆಬ್‌ಸೈಟ್ ಮಾರುವುದು ಮುಕ್ಕಾಲು ಪಾಲು ಗೊತ್ತಿದ್ದ ಹಾಗೇ.

ನಾನು ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಧಣಿಗಳಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಆ ಧಂದೆ ಬೇಡ. ಮಾರಲು ಹೊರಟರು. ಕೊಳ್ಳಲು ಬಂದದ್ದು ಒಬ್ಬ ಶೆಟ್ಟರು. ನಾನು ಮೂರು ವರ್ಷದ ಕಿರ್ದಿಯನ್ನು ನೀಟಾಗಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟಿದ್ದೆ. ಅವರು ಅದನ್ನು ಮುಟ್ಟಿಯೂ ನೋಡಲಿಲ್ಲ. ಮೂರು ದಿನ ಬೆಳಿಗ್ಗೆ ಬಂದು ಮೂಲೆಯ ಟೇಬಲಿನಲ್ಲಿ ಕೂತು, ಒಂದು ಪ್ಲೇಟ್ ಇಡ್ಲಿ ತರಿಸಿಕೊಂಡು, ಎಷ್ಟು ತಲೆ ಒಳಗೆ ಬಂತು ಎಂದು ಎಣಿಸಿದರು. ನಾಲ್ಕನೇ ದಿನ ನಸುಕಿನಲ್ಲಿ ಹಿಂಬಾಗಿಲಲ್ಲಿ ನಿಂತು ಹಾಲಿನ ಕ್ಯಾನ್ ಎಣಿಸಿದರು. "ಗಲ್ಲಾ ಬೇಕಾದ ಹಾಗೆ ಮಾತಾಡ್ತದೆ ಮಾರಾಯ್ರೆ, ಹಾಲು ಹಾಗೆ ಮಾತಾಡುದಿಲ್ಲ" ಅಂದರು ನನಗೆ. ಕೊನೆಗೆ ನಮ್ಮ ಧಣಿಗಳನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀವು ಗಲ್ಲಾದಿಂದ ಎದ್ದ ಮೇಲೆ ಇವರೆಲ್ಲ ಬರ್ತಾರಾ?"

ನಾನು ಇವತ್ತು ಹೇಳಬೇಕಾದ್ದು ಅಷ್ಟೇ. ನೀವು ಎದ್ದು ಹೋದ ಮೇಲೂ ಬರುವ ದುಡ್ಡಿಗೆ ಮಾತ್ರ ಬೆಲೆ. ನೀವು ಇರುವುದರಿಂದ ಬರುತ್ತಿರುವ ದುಡ್ಡನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳಲು ಬರುವುದೂ ಇಲ್ಲ.

ಈಗ ಅಂಕಿಗೆ ಬರೋಣ. ನನ್ನದು ಇಂಗ್ಲಿಷಿನಲ್ಲಿದ್ದ ಅಡುಗೆಯ ಸೈಟ್. ನಮ್ಮ ಕಡೆಯ ತಿಂಡಿ, ಸಾರು, ಪಲ್ಯ. ಮಾರುವ ಹೊತ್ತಿಗೆ ತಿಂಗಳಿಗೆ ಬರುತ್ತಿದ್ದದ್ದನ್ನು ಲೆಕ್ಕ ಸುಲಭವಾಗಲೆಂದು ದುಂಡಗೆ ಮಾಡಿ ಹೇಳುತ್ತೇನೆ, 60,000 ರೂಪಾಯಿ. ಇದು ಹನ್ನೆರಡು ತಿಂಗಳ ಸರಾಸರಿ. ಇದರಲ್ಲಿ ಹೋಸ್ಟಿಂಗ್ ಅಂದರೆ ಸೈಟ್ ಇಡುವ ಜಾಗದ ಬಾಡಿಗೆ, ಡೊಮೈನ್ ಅಂದರೆ ಸೈಟಿನ ವಿಳಾಸದ ಹೆಸರು, ಈಮೇಲ್ ಸೇವೆ ಎಂದು 4,000. ಬರೆಯುವವರಿಗೆ 11,000. ಫೋಟೋ, ತಾಂತ್ರಿಕ ರಿಪೇರಿ 5,000. ಉಳಿದದ್ದು 40,000. ಈ ಉಳಿದದ್ದಕ್ಕೆ ಒಂದು ಗುಣಕ ಹಾಕಬೇಕು, ಎಷ್ಟು ತಿಂಗಳ ಲಾಭಕ್ಕೆ ಮಾರಾಟ ಅಂತ. ಜಾಹೀರಾತಿನ ಸೈಟ್‌ಗಳಿಗೆ ಪೇಟೆಯಲ್ಲಿ ಓಡಾಡುವ ಗುಣಕ ಸಾಮಾನ್ಯವಾಗಿ 20ರಿಂದ 40 ತಿಂಗಳ ನಡುವೆ. ನಾನು 30 ಹಾಕಿದೆ. 12 ಲಕ್ಷ ಅಂದೆ.

ಕೊಳ್ಳಲು ಬಂದವರು ಪುಣೆಯವರು, ಕೊಥ್ರೂಡ್ ಕಡೆ ಮನೆ, ಮೂಲ ವಿಜಯಪುರ. ಮಾತು ಮೆತ್ತಗೆ. ನನ್ನ ಲೆಕ್ಕದ ಕಾಗದವನ್ನು ಪೂರ್ತಿ ಓದಿ ಕೇಳಿದರು: "ಸರ, ಇದರಾಗ ನಿಮ್ಮ ಪಗಾರ ಎಲ್ಲೈತ್ರಿ?" ನನಗೆ ಉತ್ತರ ಹೊಳೆಯಲಿಲ್ಲ. ನಾನು ದಿನಕ್ಕೆ ಎರಡು ಗಂಟೆ ಕೂತು ಲೇಖನ ತಿದ್ದುತ್ತಿದ್ದೆ, ಹಳೆಯ ಪುಟಗಳನ್ನು ಹೊಸದು ಮಾಡುತ್ತಿದ್ದೆ, ಓದುಗರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದೆ. ಅದಕ್ಕೆ ಸಂಬಳ ಎಂದು ಎಂದೂ ಬರೆದುಕೊಂಡವನಲ್ಲ. "ನೀವು ಮಾಡೋ ಕೆಲಸಕ್ಕ ನಾ ಒಬ್ಬರನ್ನ ಇಡಬೇಕಲ್ರಿ, 12,000 ಆದ್ರೂ ಕೊಡಬೇಕು" ಅಂದರು. 40,000 ಅಲ್ಲಿಗೆ 28,000 ಆಯಿತು. 30 ತಿಂಗಳಿಗೆ 8 ಲಕ್ಷದ 40 ಸಾವಿರ. ನಾನು ಕೂತಿದ್ದ ಕುರ್ಚಿಯ ಬೆಲೆ 3 ಲಕ್ಷ 60 ಸಾವಿರ ಎಂದು ನನಗೆ ಗೊತ್ತಾದದ್ದು ಆ ದಿನ.

ದಲಾಲರ ರೂಢಿ ಇಲ್ಲಿ ಬೇರೆ ಇದೆ. ಸಣ್ಣ ಸೈಟ್‌ಗಳಲ್ಲಿ ಮಾಲೀಕನ ದುಡಿಮೆಯನ್ನು ಖರ್ಚಿಗೆ ಹಾಕದೆ ಲಾಭದಲ್ಲೇ ಬಿಡುತ್ತಾರೆ. ಕೊಳ್ಳುವವನೂ ತಾನೇ ಕೂತು ದುಡಿಯುತ್ತಾನೆ ಎಂಬ ನೆಪ. ಮಾರುವವನಾಗಿ ನಾನು ಅದನ್ನೇ ವಾದಿಸಿದೆ. ಕೊಳ್ಳುವವನಾಗಿದ್ದರೆ ಒಪ್ಪುತ್ತಿರಲಿಲ್ಲ. ಕೊನೆಗೆ ಇಬ್ಬರೂ ನಡುವೆ ಎಲ್ಲೋ ಕೂತೆವು. ಒಂದು ಎಚ್ಚರಿಕೆ: ಕೆಲವರು ಗುಣಕವನ್ನು ವರ್ಷದ ಲಾಭಕ್ಕೆ ಹೇಳುತ್ತಾರೆ, ಕೆಲವರು ತಿಂಗಳ ಲಾಭಕ್ಕೆ. ಎರಡೂವರೆ ಪಟ್ಟು ಅಂದರೆ ಬೆಚ್ಚಬೇಡಿ, ವರ್ಷದ ಎರಡೂವರೆ ಪಟ್ಟು ಅಂದರೆ ತಿಂಗಳ 30 ಪಟ್ಟೇ.

ಈ ಮೂವತ್ತು ಎಂಬುದು ಎಷ್ಟು ಸಣ್ಣ ಸಂಖ್ಯೆ ನೋಡಿ. ಈ ಊರಿನಲ್ಲಿ 1 ಕೋಟಿಯ ಫ್ಲಾಟನ್ನು ತಿಂಗಳಿಗೆ 25,000ಕ್ಕೆ ಬಾಡಿಗೆ ಕೊಟ್ಟವರು ನಿಮ್ಮಲ್ಲೇ ಇರಬಹುದು. ಅಂದರೆ 400 ತಿಂಗಳ ಬಾಡಿಗೆ ಕೊಟ್ಟು ಕೊಂಡ ಹಾಗೆ. ಗೋಡೆಗೆ 400 ತಿಂಗಳು, ನನ್ನ ಏಳು ವರ್ಷದ ಬರವಣಿಗೆಗೆ 30 ತಿಂಗಳು. ಮೊದಲು ನನಗೂ ಅವಮಾನವಾದಂತೆ ಅನಿಸಿತ್ತು. ಆಮೇಲೆ ಯೋಚಿಸಿದೆ: ಗೋಡೆ ನಾಳೆಯೂ ಇರುತ್ತದೆ. ನನ್ನ ಓದುಗರು ಇರುತ್ತಾರೆ ಅಂತ ಯಾರು ಬರೆದುಕೊಡುತ್ತಾರೆ?

ಹಳಬರಿಗೆ ಗಿರಣಗಾಂವ್, ಈ ಊರಿನ ಬಟ್ಟೆ ಗಿರಣಿಗಳ ಸೀಮೆ, ನೆನಪಿರಬೇಕು. ಪರೇಲ್, ಲಾಲ್‌ಬಾಗ್ ಸುತ್ತ ಗಿರಣಿ ಕಾರ್ಮಿಕರನ್ನೇ ನಂಬಿದ್ದ ಹೋಟೆಲುಗಳು, ಖಾನಾವಳಿಗಳು ಎಷ್ಟಿದ್ದವು! 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ನಿಂತರು. ಗಿರಣಿಯ ಭೋಂಗಾ, ಅಂದರೆ ಪಾಳಿಯ ಸೈರನ್, ನಿಂತ ಮೇಲೆ ಚಹಾ ಕುಡಿಯಲು ಬರುವವರೂ ನಿಂತರು. ಅಡುಗೆ ಕೆಟ್ಟಿರಲಿಲ್ಲ, ಬೋರ್ಡೂ ಅದೇ, ಭಟ್ಟರೂ ಅವರೇ. ಗಿರಾಕಿ ಬರುವ ಒಂದೇ ದಾರಿ ಮುಚ್ಚಿತ್ತು. ನಮ್ಮ ವೆಬ್‌ಸೈಟ್‌ಗಳಿಗೆ ಆ ಗಿರಣಿ ಗೂಗಲ್.

ನನ್ನ ಸೈಟಿಗೆ ಹತ್ತರಲ್ಲಿ ಎಂಟು ಜನ ಗೂಗಲ್ ಹುಡುಕಾಟದಿಂದ ಬರುತ್ತಿದ್ದರು. ಬಹುಪಾಲು ಸೈಟ್‌ಗಳ ಕಥೆ ಇದೇ. ಗೂಗಲ್ ತನ್ನ ಹುಡುಕಾಟದ ಸೂತ್ರ ಬದಲಿಸಿದಾಗಲೆಲ್ಲ ಒಂದಷ್ಟು ಸೈಟ್‌ಗಳ ಭೋಂಗಾ ನಿಲ್ಲುತ್ತದೆ. 2011ರ ಫೆಬ್ರವರಿಯಲ್ಲಿ ಪಾಂಡಾ ಎಂಬ ಬದಲಾವಣೆ ಬಂದು ತೆಳು ಬರಹಗಳ ಸೈಟ್‌ಗಳನ್ನು ಕೆಳಕ್ಕೆ ತಳ್ಳಿತು. 2012ರ ಏಪ್ರಿಲಿನಲ್ಲಿ ಪೆಂಗ್ವಿನ್ ಬಂದು, ದುಡ್ಡು ಕೊಟ್ಟು ಬೇರೆ ಸೈಟ್‌ಗಳಿಂದ ಲಿಂಕ್ ಹಾಕಿಸಿಕೊಂಡವರನ್ನು ಹಿಡಿಯಿತು. 2023ರ ಸೆಪ್ಟೆಂಬರಿನ ಬದಲಾವಣೆಯಲ್ಲಿ, ಹುಡುಕಾಟಕ್ಕೆಂದೇ ಬರೆದ ಪುಟಗಳನ್ನು ಇಳಿಸುವ ಹೆಸರಿನಲ್ಲಿ, ನಿಯತ್ತಾಗಿ ಬರೆಯುತ್ತಿದ್ದ ಸಣ್ಣವರೂ ಪೆಟ್ಟು ತಿಂದರು. ಆಮೇಲೆ ಎಐ ಉತ್ತರ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟಿನಲ್ಲಿ ಭಾರತದಲ್ಲಿ, ಹುಡುಕಿದ ಪ್ರಶ್ನೆಗೆ ಗೂಗಲ್ ತಾನೇ ಮೇಲೆ ಉತ್ತರ ಬರೆದು ತೋರಿಸಲು ಶುರು ಮಾಡಿತು. ಗಿರಾಕಿ ಹೋಟೆಲಿನ ಬಾಗಿಲಿಗೆ ಬರುವ ಮೊದಲೇ ರಸ್ತೆಯಲ್ಲಿ ಯಾರೋ ಪುಕ್ಕಟೆ ಚಹಾ ಹಂಚಿದ ಹಾಗೆ. ಅದೂ ನಿಮ್ಮ ಹಾಲಿನಲ್ಲೇ ಮಾಡಿದ ಚಹಾ. ಇರಲಿ, ಆ ಸಿಟ್ಟು ಬೇರೆ ಸಂಜೆಗೆ.

ಆದ್ದರಿಂದ ಕೊಳ್ಳುವವನು ಮೊದಲು ನೋಡುವುದು ಓದುಗ ಎಷ್ಟು ದಾರಿಯಿಂದ ಬರುತ್ತಾನೆ ಎಂದು. ಹೆಸರು ನೆನಪಿಟ್ಟುಕೊಂಡು ನೇರವಾಗಿ ಬರುವವರು, ಈಮೇಲ್ ಪಟ್ಟಿಯಲ್ಲಿರುವವರು, ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸುವವರು ಹೆಚ್ಚಿದ್ದಷ್ಟು ಗುಣಕ ಮೇಲಕ್ಕೆ. ಎಲ್ಲರೂ ಒಂದೇ ಸೇತುವೆ ಇಳಿದು ಬರುವವರಾದರೆ ಕೆಳಕ್ಕೆ.

ಪುಟಗಳ ವಿಷಯವೂ ಹಾಗೆಯೇ. ಪುಣೆಯವರಿಗಿಂತ ಮೊದಲು ಒಬ್ಬರು ಬಂದಿದ್ದರು, ಮಾತುಕತೆ ಮುರಿಯಿತು. ಕಾರಣ ನನ್ನ ಸೈಟಿನ ಒಂದೇ ಒಂದು ಪುಟ: ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗು ಬಾರದಿದ್ದರೆ ಏನು ಮಾಡಬೇಕು ಎಂಬ ಪುಟ. ಒಂದು ರಾತ್ರಿ ಬೇಸರಕ್ಕೆ ಬರೆದದ್ದು. ಮುಂಬೈಯಲ್ಲಿ ಅದು ಯಾರಿಗೂ ಬೇಡ. ಇಲ್ಲಿ ಮೇ ತಿಂಗಳಲ್ಲಿ ಹಿಟ್ಟು ಪಾತ್ರೆಯಿಂದ ಎದ್ದು ಬಾಗಿಲಿಗೆ ಬರುತ್ತದೆ. ಆದರೆ ನ್ಯೂಜೆರ್ಸಿ, ಶಿಕಾಗೋ ಕಡೆ ನಮ್ಮ ಹೆಣ್ಣುಮಕ್ಕಳು ಡಿಸೆಂಬರಿನಲ್ಲಿ ಪಾತ್ರೆಗೆ ಕಂಬಳಿ ಹೊದಿಸಿ, ಅವನ್‌ನ ದೀಪ ಹಾಕಿ ಒಳಗಿಟ್ಟು ಕಾಯುತ್ತಾರಲ್ಲ, ಅವರೆಲ್ಲ ಆ ಪುಟಕ್ಕೆ ಬರುತ್ತಿದ್ದರು. ಇಡೀ ಸೈಟಿನ ಆದಾಯದಲ್ಲಿ ಹತ್ತಿರ ಹತ್ತಿರ ಅರ್ಧ ಆ ಒಂದು ಪುಟದ್ದು! ನಾನು ಅದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು. ಒಂದೇ ದೋಸೆ ಭಟ್ಟರನ್ನು ನಂಬಿದ ಹೋಟೆಲ್ ಎಂದು ಅವರಿಗೆ ಕಂಡಿತು. ಮುಂದಿನ ಒಂದೂವರೆ ವರ್ಷ ನಾನು ಮಾರುವ ಮಾತು ಬಿಟ್ಟು ಬೇರೆ ಪುಟಗಳನ್ನು ಎಬ್ಬಿಸುವ ಕೆಲಸ ಮಾಡಿದೆ.

ಆ ಪುಟ ಇನ್ನೊಂದು ಪಾಠವನ್ನೂ ಕಲಿಸಿತು: ಜಾಹೀರಾತಿನ ದುಡ್ಡು ಎಲ್ಲಿ ಹುಟ್ಟುತ್ತದೆ ಎಂಬುದು. ಗೂಗಲಿನ ಆಡ್‌ಸೆನ್ಸ್ 2003ರಿಂದ ಇದೆ. ನಿಮ್ಮ ಪುಟದಲ್ಲಿ ಜಾಗ ಕೊಡುತ್ತೀರಿ, ಜಾಹೀರಾತುದಾರರನ್ನು ಅವರು ತರುತ್ತಾರೆ, ಬಂದದ್ದರಲ್ಲಿ ನೂರಕ್ಕೆ ಸುಮಾರು 68 ನಿಮಗೆ. ಮೊದಲು ಹೆಚ್ಚಾಗಿ ಒತ್ತಿದ್ದಕ್ಕೆ ಕೊಡುತ್ತಿದ್ದರು, 2024ರಿಂದ ತೋರಿಸಿದ್ದಕ್ಕೆ ಕೊಡುವ ಪದ್ಧತಿ. ಆದರೆ ಒಬ್ಬ ಓದುಗನಿಗೆ ಸಿಗುವ ದರ ಅವನು ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ. ಶಿಕಾಗೋದಲ್ಲಿ ಕೂತು ಇಡ್ಲಿ ಹಿಟ್ಟಿಗೆ ಕಾಯುವ ಹೆಣ್ಣುಮಗಳಿಗೆ ಅಲ್ಲಿನ ಅಂಗಡಿ, ವಿಮೆ, ಬ್ಯಾಂಕುಗಳು ಹರಾಜು ಕೂಗುತ್ತವೆ. ಧಾರವಾಡದಲ್ಲಿ ಕೂತು ಅದೇ ಪುಟ ನೋಡುವ ಅವರ ಅಮ್ಮನಿಗೆ ಅಷ್ಟು ಕೂಗುವವರಿಲ್ಲ. ಆದ್ದರಿಂದ ಓದುಗರ ಸಂಖ್ಯೆ ಹೇಳಿ ಬೆಲೆ ಕೇಳಬೇಡಿ. ಸಾವಿರ ಸಲ ಪುಟ ತೆರೆದರೆ ಎಷ್ಟು ಬಂತು, ಯಾವ ದೇಶದಿಂದ ಬಂತು, ಅದನ್ನು ಹೇಳಿ.

ಕನ್ನಡ ಸೈಟ್‌ಗಳಿಗೆ ಇಲ್ಲೇ ಏಟು. ಆಡ್‌ಸೆನ್ಸ್ ಹಿಂದಿಯನ್ನು 2014ರ ಕೊನೆಗೇ ಸೇರಿಸಿಕೊಂಡಿತು, ಕನ್ನಡ ಅದರ ಎಷ್ಟೋ ವರ್ಷ ನಂತರ. ಇವತ್ತಿಗೂ ಕನ್ನಡ ಓದುಗನಿಗೆ ಕೂಗುವ ದರ ಕಡಿಮೆ. ಆದರೆ ಒಂದು ಮಾತು ನನ್ನ ಅನುಭವದ್ದು: ಕನ್ನಡ ಓದುಗ ಹೆಸರು ನೆನಪಿಟ್ಟುಕೊಂಡು ಮತ್ತೆ ಬರುತ್ತಾನೆ. ಆದಾಯ ಸಣ್ಣದು, ದಾರಿ ಗಟ್ಟಿ.

ತಿಂಗಳುಗಳ ಲೆಕ್ಕದಲ್ಲೂ ಮೋಸ ಹೋಗಬಾರದು. ಕಾಲೇಜಿನ ಎದುರಿನ ಹೋಟೆಲನ್ನು ಆಗಸ್ಟಿನಲ್ಲಿ ನೋಡಿ ಕೊಂಡವನು ಮೇ ತಿಂಗಳಲ್ಲಿ ನೊಣ ಹೊಡೆಯಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗೆ, ಜಾಹೀರಾತುದಾರರ ಕೈ ಸಡಿಲ. ಜನವರಿ ಬಂತೆಂದರೆ ದರ ಧಡ್ ಎಂದು ಇಳಿಯುತ್ತದೆ. ನನ್ನ ಮೋದಕದ ಪುಟ ಚೌತಿಗೆ ಮುಂಚಿನ ಹತ್ತು ದಿನ ಕುಣಿದು ವರ್ಷವೆಲ್ಲ ಮಲಗುತ್ತಿತ್ತು. ಮೂರು ತಿಂಗಳ ಲೆಕ್ಕ ತೋರಿಸಿ ಮಾರಲು ಬಂದವರನ್ನು ಹತ್ತಿರ ಸೇರಿಸಬೇಡಿ, ಹನ್ನೆರಡು ತಿಂಗಳು ಕೇಳಿ. ಹನ್ನೆರಡರ ಸರಾಸರಿಯೂ ಪೂರ್ತಿ ನಿಜ ಹೇಳುವುದಿಲ್ಲ. 30,000ದಿಂದ 50,000ಕ್ಕೆ ಏರಿದ ಸೈಟಿಗೂ 50,000ದಿಂದ 30,000ಕ್ಕೆ ಜಾರಿದ ಸೈಟಿಗೂ ಸರಾಸರಿ 40,000ವೇ. ಒಂದು ಮೆಟ್ಟಿಲು ಹತ್ತುತ್ತಿದೆ, ಇನ್ನೊಂದು ಇಳಿಯುತ್ತಿದೆ.

ಹಾಲಿನ ಕ್ಯಾನಿನ ಮಾತಿಗೆ ಮತ್ತೆ ಬರುತ್ತೇನೆ. ವೆಬ್‌ಸೈಟಿನಲ್ಲಿ ಗಲ್ಲಾ ಅಂದರೆ ಆಡ್‌ಸೆನ್ಸ್ ಪರದೆಯ ಮೇಲೆ ಕಾಣುವ ಅಂದಾಜು ಆದಾಯ. ಅದರ ಫೋಟೋ ತೆಗೆದು ಕಳಿಸುವವರಿದ್ದಾರೆ. ಫೋಟೋದಲ್ಲಿ ಸೊನ್ನೆ ಸೇರಿಸುವುದು ಮಕ್ಕಳ ಆಟ. ಫೋಟೋ ನಿಜವೇ ಇದ್ದರೂ ಅದು ಅಂದಾಜು. ಸುಳ್ಳು ಒತ್ತುಗಳನ್ನು, ಯಂತ್ರಗಳು ತೆರೆದ ಪುಟಗಳನ್ನು ಗೂಗಲ್ ಆಮೇಲೆ ಕಡಿತ ಮಾಡುತ್ತದೆ. ನಿಜವಾದ ದುಡ್ಡು 100 ಡಾಲರ್ ದಾಟಿದ್ದರೆ ಮುಂದಿನ ತಿಂಗಳ 21ರಿಂದ 26ರೊಳಗೆ ಹೊರಡುತ್ತದೆ, ಬ್ಯಾಂಕಿಗೆ ಬಂದು ಬೀಳುತ್ತದೆ. ಬ್ಯಾಂಕಿನ ಪಾಸ್‌ಬುಕ್ಕೇ ಹಾಲಿನ ಕ್ಯಾನ್. ಅದರ ಜೊತೆಗೆ ವೀಡಿಯೋ ಕರೆಯಲ್ಲಿ ಪರದೆ ಹಂಚಿಸಿ, ಎದುರಿಗೇ ಪುಟವನ್ನು ಹೊಸದಾಗಿ ತೆರೆಸಿ, ತಿಂಗಳು ಬದಲಿಸಿ ತೋರಿಸಿ ಎನ್ನಿ. ಓದುಗರನ್ನು ಎಣಿಸುವ ಗೂಗಲಿನ ಅನಲಿಟಿಕ್ಸ್‌ನಲ್ಲಿ ನೋಡಲು ಮಾತ್ರ ಅನುಮತಿ ಕೇಳಿ. ಓದುಗರು ಏರಿದ ತಿಂಗಳು ಆದಾಯವೂ ಏರಿರಬೇಕು. ಓದುಗರು ದುಪ್ಪಟ್ಟಾಗಿ ಆದಾಯ ಅಲ್ಲೇ ಇದ್ದರೆ ಬಂದವರು ಮನುಷ್ಯರೇ ಎಂದು ಕೇಳಿ.

ಮಾರುವವರಿಗೆ ಇಲ್ಲೊಂದು ಕಿವಿಮಾತು. ಗೂಗಲ್ ಹಳೆಯ ಕಿರ್ದಿ ಇಟ್ಟುಕೊಳ್ಳುವುದಿಲ್ಲ. ಹಳೆಯ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಎಣಿಕೆ ನಿಲ್ಲಿಸಿತು, ಮರುವರ್ಷ ಅದೇ ಹೊತ್ತಿಗೆ ಅದರ ಬಾಗಿಲೂ ಮುಚ್ಚಿತು. ಇಳಿಸಿಕೊಳ್ಳದವರ ಹತ್ತು ವರ್ಷದ ಲೆಕ್ಕ ಗಾಳಿಗೆ ಹೋಯಿತು. ಹುಡುಕಾಟದಿಂದ ಎಷ್ಟು ಜನ ಬಂದರು ಎಂದು ಹೇಳುವ ಸರ್ಚ್ ಕನ್ಸೋಲ್ ತೋರಿಸುವುದು 16 ತಿಂಗಳು ಮಾತ್ರ. ಮಾರುವ ಯೋಚನೆ ಇರಲಿ ಬಿಡಲಿ, ತಿಂಗಳ ಕೊನೆಗೆ ಒಂದು ಸಲ ಇಳಿಸಿಟ್ಟುಕೊಳ್ಳಿ. ಕೇಳಿದಾಗ ಕೊಡಲು ಇಲ್ಲದಿದ್ದರೆ ಕೊಳ್ಳುವವನು ಕೆಟ್ಟದ್ದನ್ನೇ ಊಹಿಸುತ್ತಾನೆ.

ಇನ್ನು ಪಗಡಿ, ಮಾಲೀಕನಿಗೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಸಣ್ಣ ಬಾಡಿಗೆಗೆ ಜಾಗ ಹಿಡಿಯುವ ಈ ಊರಿನ ಪದ್ಧತಿ. ಹೊರಗಿನವರಿಗೆ ಇದನ್ನು ಪೂರ್ತಿ ವಿವರಿಸಲು ಅರ್ಧ ಗಂಟೆ ಬೇಕು, ನಿಮಗೆ ಬೇಡ. ಪಗಡಿ ಕೊಟ್ಟು ಹಿಡಿದ ಗಾಳಾದಲ್ಲಿ, ಅಂದರೆ ಅಂಗಡಿ ಜಾಗದಲ್ಲಿ, ಹೋಟೆಲ್ ನಡೆಸುವವನು ಗುಡ್‌ವಿಲ್, ಅಂದರೆ ಹೋಟೆಲಿನ ಹೆಸರು ಮತ್ತು ಗಿರಾಕಿಗಳ ನಂಬಿಕೆ, ಮಾರಬಹುದು, ಒಲೆ ಪಾತ್ರೆ ಮಾರಬಹುದು. ಆದರೆ ಜಾಗ ಅವನದಲ್ಲ. ಮನೆ ಮಾಲೀಕ ಒಪ್ಪಬೇಕು, ಅವನ ಪಾಲು, ರೂಢಿಯಲ್ಲಿ ಮೂರನೇ ಒಂದು ಅನ್ನುತ್ತಾರೆ, ಅವನಿಗೆ ಹೋಗಬೇಕು. ಎಷ್ಟೋ ವರ್ಷ ಕದ್ದುಮುಚ್ಚಿ ನಡೆದ ಈ ವ್ಯವಹಾರಕ್ಕೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಒಪ್ಪಿಗೆ ಕೊಟ್ಟಿತು. ಆಡ್‌ಸೆನ್ಸ್ ಖಾತೆ ಪಗಡಿಗಿಂತ ಬಿಗಿ. ಅದನ್ನು ಇನ್ನೊಬ್ಬರಿಗೆ ವರ್ಗ ಮಾಡಲು ಬರುವುದೇ ಇಲ್ಲ, ಪಾಲು ಕೊಡುತ್ತೇನೆಂದರೂ ಇಲ್ಲ. ನೀವು ಮಾರುವುದು ಸೈಟನ್ನು, ಖಾತೆಯನ್ನಲ್ಲ. ಕೊಂಡವರು ತಮ್ಮ ಖಾತೆಗೆ ಆ ಸೈಟನ್ನು ಸೇರಿಸಿ ಒಪ್ಪಿಗೆ ಪಡೆಯಬೇಕು, ಪುಟಗಳಲ್ಲಿರುವ ನಿಮ್ಮ ಕೋಡ್ ತೆಗೆದು ತಮ್ಮದನ್ನು ಹಾಕಬೇಕು, ಈ ಸೈಟಿನಲ್ಲಿ ಜಾಹೀರಾತು ಮಾರಲು ಯಾರಿಗೆ ಒಪ್ಪಿಗೆ ಇದೆ ಎಂದು ಹೇಳುವ ಆಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಕಡತದಲ್ಲೂ ಖಾತೆಯ ಸಂಖ್ಯೆ ಬದಲಿಸಬೇಕು. ಈ ಕಡತ ಮರೆತು ಜಾಹೀರಾತು ಬಾರದೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಖಾತೆಯೂ ಸೇರಿ ಕೊಡುತ್ತೇನೆ, ಪಾಸ್‌ವರ್ಡ್ ತಗೊಳ್ಳಿ ಎನ್ನುವವರು ಪೇಟೆಯಲ್ಲಿದ್ದಾರೆ. ಅದನ್ನು ಕೊಳ್ಳಬೇಡಿ, ಮಾರಲೂ ಬೇಡಿ. ಬೇರೆಯವರ ಪ್ಯಾನ್, ಬೇರೆಯವರ ಬ್ಯಾಂಕ್, ಒಂದು ದಿನ ಖಾತೆ ಮುಚ್ಚಿದರೆ ದೂರು ಕೊಡಲೂ ಬಾಯಿಲ್ಲ.

ನನ್ನ ದೊಡ್ಡ ತಪ್ಪು ಕಾಗದಪತ್ರದ್ದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನಿಮ್ಮಲ್ಲಿ ಯಾರಾದರೂ ಈಗಲೇ ಎಚ್ಚೆತ್ತುಕೊಳ್ಳಲಿ.

ಏಳು ವರ್ಷದಲ್ಲಿ ನನಗೆ ಬರೆದುಕೊಟ್ಟವರು ಹನ್ನೊಂದು ಜನ. ಹೆಚ್ಚಿನವರು ಗೃಹಿಣಿಯರು, ಒಬ್ಬರು ನಿವೃತ್ತ ಮೇಷ್ಟ್ರು. ವಾಟ್ಸಾಪಿನಲ್ಲಿ ಬರಹ ಬರುತ್ತಿತ್ತು, ನಾನು ದುಡ್ಡು ಕಳಿಸುತ್ತಿದ್ದೆ, ಕೈ ಮುಗಿದ ಚಿತ್ರ ಹಾಕುತ್ತಿದ್ದೆ. ಮುಗಿಯಿತು ಅಂದುಕೊಂಡಿದ್ದೆ. ಕೊಳ್ಳುವವರ ವಕೀಲರು ಕೇಳಿದರು: "ಈ ಬರಹಗಳ ಹಕ್ಕು ನಿಮ್ಮದು ಎಂಬುದಕ್ಕೆ ಏನಿದೆ?" 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕನದು. ಆದರೆ ಹೊರಗಿನಿಂದ ಬರೆದುಕೊಟ್ಟವರದು, ದುಡ್ಡು ಕೊಟ್ಟಿದ್ದರೂ, ಲಿಖಿತವಾಗಿ ಬರೆದುಕೊಡದ ಹೊರತು ಅವರದೇ. ಬರೆದುಕೊಟ್ಟರೂ 19ನೇ ಕಲಮಿನಲ್ಲಿ ಎರಡು ಗುಂಡಿಗಳಿವೆ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಕಾನೂನು ತಿಳಿಯುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ತಿಳಿಯುತ್ತದೆ. ನನ್ನ ದುಡ್ಡೆಲ್ಲ ನ್ಯೂಜೆರ್ಸಿಯಿಂದ ಬರುತ್ತಿತ್ತಲ್ಲ! ಆದ್ದರಿಂದ ಪತ್ರದಲ್ಲಿ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ, ಎಂಬ ಎರಡು ಮಾತು ಇರಲೇಬೇಕು.

ಹನ್ನೊಂದು ಜನರನ್ನು ಹುಡುಕಲು ಹೊರಟೆ. ಎಂಟು ಜನ ಕೂಡಲೇ ಸಹಿ ಹಾಕಿದರು. ಇಬ್ಬರ ಫೋನ್ ನಂಬರ್ ಬದಲಾಗಿತ್ತು, ಅವರ ಪುಟಗಳನ್ನು ತೆಗೆದು ಬೇರೆ ಬರೆಸಿದೆ. ಉಳಿದದ್ದು ಮೇಷ್ಟ್ರು, ಕುಮಟಾದ ಕಡೆಯವರು. ಅವರಿಗೆ ನಾನು ಏನೋ ಮುಚ್ಚಿಡುತ್ತಿದ್ದೇನೆ ಅನಿಸಿತು. "ಮಾರುವಷ್ಟು ಬೆಲೆ ಬಂತಾ ನನ್ನ ಬರಹಕ್ಕೆ? ನನಗೆ ಲೇಖನಕ್ಕೆ ಇನ್ನೂರು ಕೊಟ್ಟಿದ್ದೆಯಲ್ಲ ತಮಾ" ಅಂದರು. ತಪ್ಪು ಹೇಳಲಿಲ್ಲ. ನಾನು ರಾತ್ರಿ ರೈಲು ಹತ್ತಿ ಅವರ ಮನೆಗೆ ಹೋದೆ, ಊಟ ಮಾಡಿದೆ, ಲೆಕ್ಕವೆಲ್ಲ ತೋರಿಸಿದೆ. ಹೆಚ್ಚಿಗೆ ಒಂದು ಮೊತ್ತ ಕೊಟ್ಟೆ. ಸಹಿ ಹಾಕಿ, ತಾವು ಬರೆದ ಅಪ್ಪೆಹುಳಿಯ ಪುಟದಲ್ಲಿ ತಮ್ಮ ಹೆಸರು ಉಳಿಯಬೇಕು ಎಂದು ಕೇಳಿದರು. ಮಾರಾಟ ಪತ್ರದಲ್ಲಿ ಅದನ್ನೂ ಒಂದು ಷರತ್ತಾಗಿ ಸೇರಿಸಿದೆವು. ಇದೆಲ್ಲದರಲ್ಲಿ ನಾಲ್ಕು ತಿಂಗಳು ಹೋಯಿತು. ಬರೆಸುವ ದಿನವೇ ಒಂದು ಪುಟದ ಪತ್ರ ಮಾಡಿಸಿಕೊಂಡಿದ್ದರೆ ಹತ್ತು ನಿಮಿಷದ ಕೆಲಸ.

ಇನ್ನೊಂದು ಕಾನೂನಿನ ಮಾತು, ಗುಡ್‌ವಿಲ್ಲಿನದು. ಹೋಟೆಲ್ ಮಾರಿದವನು ಪಕ್ಕದ ಬೀದಿಯಲ್ಲೇ ಇನ್ನೊಂದು ಹೋಟೆಲ್ ತೆರೆದರೆ ಕೊಂಡವನ ಗತಿ ಏನು? ವ್ಯಾಪಾರ ಮಾಡಬೇಡ ಎಂದು ಕಟ್ಟಿಹಾಕುವ ಕರಾರು ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಆದರೆ ಆ ಕಲಮಿನಲ್ಲೇ ಇರುವ ವಿನಾಯಿತಿ ಗುಡ್‌ವಿಲ್ ಮಾರಿದವನ ಬಗ್ಗೆಯೇ: ಗೊತ್ತುಮಾಡಿದ ಎಲ್ಲೆಯೊಳಗೆ ಅಂಥದೇ ವ್ಯಾಪಾರ ಮಾಡುವುದಿಲ್ಲ ಎಂದು ಅವನು ಒಪ್ಪಬಹುದು, ಎಲ್ಲೆ ನ್ಯಾಯವಾಗಿರಬೇಕು ಅಷ್ಟೇ. ಅಂತರ್ಜಾಲದಲ್ಲಿ ಪಕ್ಕದ ಬೀದಿ ಯಾವುದು ಎಂದು ನಮ್ಮ ವಕೀಲರಿಬ್ಬರೂ ಒಂದು ಮಧ್ಯಾಹ್ನ ಪೂರ್ತಿ ವಾದಿಸಿದರು. ಮೂರು ವರ್ಷ ದಕ್ಷಿಣ ಭಾರತದ ಸಸ್ಯಾಹಾರಿ ಅಡುಗೆಯ ಸೈಟ್ ಮಾಡುವುದಿಲ್ಲ ಎಂದು ಬರೆದುಕೊಟ್ಟೆ.

ತೆರಿಗೆಯ ಬಗ್ಗೆ ಒಂದೇ ಮಾತು, ಉಳಿದದ್ದು ನಿಮ್ಮ ಸಿಎ ಹೇಳಲಿ. ನೀವೇ ಕಟ್ಟಿದ ಗುಡ್‌ವಿಲ್‌ಗೆ ಕಾನೂನಿನ ಕಣ್ಣಲ್ಲಿ ಕೊಂಡ ಬೆಲೆ ಸೊನ್ನೆ. ಏಳು ವರ್ಷದ ನಿದ್ದೆಗೆಟ್ಟ ರಾತ್ರಿಗಳನ್ನು ಕಳೆಯಲು ಯಾವ ಕಾಲಮ್ಮೂ ಇಲ್ಲ.

ದುಡ್ಡು ಕೈ ಬದಲಾಗುವ ಹೊತ್ತಿಗೆ ಇಬ್ಬರಿಗೂ ಒಂದೇ ಹೆದರಿಕೆ. ಮೊದಲು ಸೈಟ್ ಕೊಡು, ಮೊದಲು ದುಡ್ಡು ಕೊಡು. ವೆಬ್‌ಸೈಟ್ ಮಾರುವ ಕೊಳ್ಳುವ ಫ್ಲಿಪ್ಪಾದಂಥ ಆನ್‌ಲೈನ್ ಪೇಟೆಗಳು, ಅದು 2009ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದದ್ದು, ದುಡ್ಡನ್ನು ನಡುವಿನವರ ಬಳಿ ಇಡುವ ಎಸ್ಕ್ರೋ ವ್ಯವಸ್ಥೆ ಬಳಸುತ್ತವೆ. ಕೊಳ್ಳುವವನು ಅಲ್ಲಿ ಕಟ್ಟುತ್ತಾನೆ, ಸೈಟ್ ಕೈಗೆ ಬಂತು ಎಂದ ಮೇಲೆ ಮಾರಿದವನಿಗೆ ಹೋಗುತ್ತದೆ. ಸಣ್ಣ ಮಾರಾಟಗಳಲ್ಲಿ ದಲಾಲಿ ನೂರಕ್ಕೆ 10, 15 ಆಗುವುದುಂಟು, ಬೆಲೆ ಹೇಳುವಾಗಲೇ ಅದನ್ನು ಕಳೆದು ನೋಡಿ. ನಾವು ಪರಿಚಯದ ಮೇಲೆ ಮಾಡಿದ್ದರಿಂದ ಹೋಟೆಲಿನ ರೀತಿಯಲ್ಲೇ ಮಾಡಿದೆವು: ಟೋಕನ್, ಕರಾರಿನ ದಿನ ದೊಡ್ಡ ಕಂತು, ಉಳಿದದ್ದು ಮೂರು ತಿಂಗಳ ನಂತರ. ಆ ಮೂರು ತಿಂಗಳು ನಾನು ವಾರಕ್ಕೆರಡು ಸಂಜೆ ಅವರು ಕೆಲಸಕ್ಕಿಟ್ಟ ಹುಡುಗಿಗೆ ಕೆಲಸ ಕಲಿಸಿದೆ. ಯಾವ ಪುಟವನ್ನು ಯಾವ ತಿಂಗಳು ತಿದ್ದಬೇಕು, ಚೌತಿಗೆ ಎಷ್ಟು ದಿನ ಮುಂಚೆ ಮೋದಕವನ್ನು ಮುಖಪುಟಕ್ಕೆ ತರಬೇಕು, ಎಲ್ಲ.

ಕೊಡುವಾಗ ಮೊದಲ ಸಾಲಿನಲ್ಲಿರಬೇಕಾದ್ದು ಡೊಮೈನ್ ಹೆಸರು. ಉಳಿದದ್ದೆಲ್ಲ ನಕಲು ಮಾಡಬಹುದು, ಹೆಸರು ಒಂದೇ. ವರ್ಗಕ್ಕೆ ಒಂದು ಗುಪ್ತ ಸಂಕೇತ ಬೇಕು, ಈಗಿನ ನೋಂದಣಿದಾರರಿಂದ ಸಿಗುತ್ತದೆ. ಇತ್ತೀಚೆಗೆ ನೋಂದಾಯಿಸಿದ ಅಥವಾ ವರ್ಗವಾದ ಡಾಟ್ ಕಾಮ್ ಹೆಸರಿಗೆ ಸಾಮಾನ್ಯವಾಗಿ 60 ದಿನದ ಬೀಗ ಇರುತ್ತದೆ. ನಾನು ಮಾರುವ ಮುಂಚಿನ ತಿಂಗಳು ಹೆಸರನ್ನು ಅಗ್ಗದ ಕಡೆಗೆ ವರ್ಗ ಮಾಡಿಸಿ ಜಾಣ ಅನಿಸಿಕೊಂಡಿದ್ದೆ. ಬೀಗ ಬಿತ್ತು. ಪುಣೆಯವರು ತಾಳ್ಮೆಯವರಾದ್ದರಿಂದ ಬಚಾವಾದೆ.

ಕೊನೆಯಲ್ಲಿ ಹುಡುಗರೊಬ್ಬರು ಕೇಳಿದರು, ಮಾರುವ ಮೊದಲು ಐವತ್ತು ಸಾವಿರ ಹಾಕಿ ಸೈಟಿನ ವಿನ್ಯಾಸ ಹೊಸದು ಮಾಡಿಸಲೇ ಎಂದು. ವಿನ್ಯಾಸ ಬದಲಾದರೆ ಪುಟದ ವಿಳಾಸಗಳು ಬದಲಾಗಬಹುದು, ಗೂಗಲಿಗೆ ದಾರಿ ತಪ್ಪಬಹುದು, ಆ ಎರಡು ತಿಂಗಳ ಕುಸಿತ ನಿಮ್ಮ ಸರಾಸರಿಯಲ್ಲಿ ಕೂರುತ್ತದೆ. ಆ ದುಡ್ಡಿನಲ್ಲಿ ಬರೆಯುವವರ ಸಹಿ ಮಾಡಿಸಿ, ನಿಮ್ಮ ಕೆಲಸ ಕಲಿಯಲು ಒಬ್ಬರನ್ನು ಇಟ್ಟುಕೊಳ್ಳಿ. ಫೋರ್ಟಿನ ನಮ್ಮ ಧಣಿಗಳೂ ಮಾರುವ ಮೊದಲು ಇಡೀ ಹೋಟೆಲಿಗೆ ಹಸಿರು ಆಯಿಲ್ ಪೇಂಟ್ ಹೊಡೆಸಿದ್ದರು. ಶೆಟ್ಟರು ಮೊದಲ ದಿನ ಒಳಗೆ ಬಂದವರೇ ಮೂಗು ಅರಳಿಸಿ ವಾಸನೆ ನೋಡಿದರು. ಆಮೇಲೆ ಕೂರುವ ಮೊದಲು ಒಂದೊಂದೇ ಗೋಡೆಯನ್ನು ಬೆರಳಿನಿಂದ ತಟ್ಟಿ, ಎಲ್ಲಿ ಟೊಳ್ಳು ಸದ್ದು ಬರುತ್ತದೆ ಎಂದು ಕಿವಿಗೊಟ್ಟು ಕೇಳುತ್ತಾ ಹೋದರು.